ಬರೆದ ಇಂಗ್ಲಿಷ್, ಆಡಿದ ಇಂಗ್ಲಿಷ್

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಿರೆಂದು ಸಂಪಾದಕ ಮಂಡಳಿಯವರು ಕೇಳಿದಾಗ ನನಗೆ ಹೊಳೆದ ವಿಷಯ ಇದು. ನಾನು ಈ ಶಾಲೆಯ ಹಳೆಯ ವಿದ್ಯಾರ್ಥಿ; ಮುಂದೆ ಬೇರೆ ಬೇರೆ ಸರಕಾರಿ ಪ್ರೌಢಶಾಲೆಗಳಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತನಾದವನು. ಹಳೇ ಹುಬ್ಬಳ್ಳಿಯ ಹುಡುಗ ಹುಡುಗಿಯರು ಇಂಗ್ಲಿಷ್ ಪತ್ರಿಕೆಯಲ್ಲಿ ಒಳ್ಳೆಯ ಅಂಕ ಪಡೆಯುತ್ತಾರೆ. ಅದೇ ಮಕ್ಕಳು ಮೌಖಿಕ ಪರೀಕ್ಷೆಯಲ್ಲೋ ನೌಕರಿಯ ಸಂದರ್ಶನದಲ್ಲೋ ‘ನಿನ್ನ ಬಗ್ಗೆ ನಾಲ್ಕು ಮಾತು ಹೇಳು’ ಎಂದರೆ ತಲೆ ತಗ್ಗಿಸಿ ನಿಲ್ಲುತ್ತಾರೆ. ಮಕ್ಕಳಿಗೆ ಧೈರ್ಯ ಸಾಲದು ಎಂದು ಹಿರಿಯರು ಹೇಳುತ್ತಾರೆ. ನನಗೆ ತೋರುವಂತೆ ಇದರ ಬೇರು ನಮ್ಮ ಪರೀಕ್ಷೆಗಳ ಇತಿಹಾಸದಲ್ಲಿದೆ.

ಈ ಸೀಮೆಗೆ ಇಂಗ್ಲಿಷ್ ಬಂದದ್ದು ಮುಂಬಯಿ ಪ್ರಾಂತದ ದಾರಿಯಿಂದ. ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂದು ನೆಲೆನಿಂತು ಶಾಲೆಗಳನ್ನು ತೆರೆದರು. 1857ರಲ್ಲಿ ಮುಂಬಯಿ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಅದರ ಮ್ಯಾಟ್ರಿಕ್ ಪರೀಕ್ಷೆಯೇ ಇಂಗ್ಲಿಷ್ ಶಿಕ್ಷಣದ ಗುರಿಯಾಯಿತು. ಕನ್ನಡ ಸಾಲಿಯಲ್ಲಿ ಓದಿ ಮುಲ್ಕಿ ಪಾಸಾದವರು ಮಾಸ್ತರಿಕೆಯಂಥ ಕೆಲಸ ಹಿಡಿಯುತ್ತಿದ್ದರು. ಅದಕ್ಕೂ ಮೇಲೇರಬೇಕೆಂದವರು ಇಂಗ್ಲಿಷ್ ಇಯತ್ತೆಗಳನ್ನು ಹತ್ತಬೇಕಿತ್ತು. ಕಚೇರಿಗೆ ಬೇಕಾದದ್ದು ಅರ್ಜಿ ಬರೆಯುವ, ದಾಖಲೆ ನಕಲು ಮಾಡುವ, ಭಾಷಾಂತರಿಸುವ ಕೈ. ಹೀಗಾಗಿ ವ್ಯಾಕರಣ ಮತ್ತು ಭಾಷಾಂತರವೇ ಪಾಠವಾಯಿತು.

ಇಲ್ಲೊಂದು ಸ್ವಾರಸ್ಯವಿದೆ. ಆ ಕಾಲದಲ್ಲಿ ನಮ್ಮ ಸೀಮೆಗೆ ಬಂದ ಇಂಗ್ಲಿಷ್ ಅಧಿಕಾರಿಗಳು ದೇಶಭಾಷೆಯ ಪರೀಕ್ಷೆ ಪಾಸಾಗಬೇಕಿತ್ತು, ಅದರಲ್ಲಿ ಮಾತಾಡಿ ತೋರಿಸುವುದೂ ಇರುತ್ತಿತ್ತು. ರೈತನ ದೂರು ತಿಳಿಯದಿದ್ದರೆ ಆಡಳಿತ ನಡೆಯದು. 1853ರಲ್ಲಿ ಈ ನಾಡಿಗೆ ಬಂದ ರೆವರೆಂಡ್ ಕಿಟೆಲ್ಲರು ಜನರ ನಡುವೆ ಇದ್ದು ಕನ್ನಡ ಕಲಿತು, 1894ರಲ್ಲಿ ದೊಡ್ಡ ನಿಘಂಟನ್ನೇ ಕೊಟ್ಟರು. ಪರಭಾಷೆ ಆಡುತ್ತ ಆಡುತ್ತ ಬರುತ್ತದೆಂಬುದು ಅವರಿಗೆ ಗೊತ್ತಿತ್ತು. ನಮ್ಮ ಮಕ್ಕಳಿಗೆ ಮಾತ್ರ ಆ ದಾರಿ ತೆರೆಯಲಿಲ್ಲ.

ಶಾಲೆಯ ಹೊರಗೆ ಇನ್ನೊಂದು ಇಂಗ್ಲಿಷ್ ಬೆಳೆಯುತ್ತಿತ್ತು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಹುಬ್ಬಳ್ಳಿಗೆ ಬಂತು, ವರ್ಕ್‌ಶಾಪು ಎದ್ದಿತು. ಫಿಟ್ಟರ್, ಗಾರ್ಡ್, ಸಿಗ್ನಲ್, ಡ್ಯೂಟಿ ಎಂಬ ಶಬ್ದಗಳು ಮನೆಮಾತಾದವು. ಶಾಲೆಯ ಮೆಟ್ಟಿಲು ಹತ್ತದ ಕೆಲಸಗಾರ ಸಾಹೇಬನಿಗೆ ಹರಕು ಮುರಕು ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದ, ಕೆಲಸ ನಡೆಯುತ್ತಿತ್ತು. ಮ್ಯಾಟ್ರಿಕ್ ಆದ ಗುಮಾಸ್ತ ಚೆಂದಾಗಿ ಬರೆಯುತ್ತಿದ್ದ, ಬಾಯಿ ತೆರೆಯಲು ಹಿಂಜರಿಯುತ್ತಿದ್ದ. ಒಂದೇ ಊರಿನಲ್ಲಿದ್ದ ಈ ಎರಡು ಇಂಗ್ಲಿಷ್‌ಗಳು ಶಾಲೆಯೊಳಗೆ ಒಂದಾಗಲೇ ಇಲ್ಲ.

ಮೌಖಿಕ ಪರೀಕ್ಷೆ ಎಂಬುದು ಪೂರ್ತಿ ಇರಲಿಲ್ಲವೆಂದಲ್ಲ. ಫಲಿತಾಂಶ ನೋಡಿ ಅನುದಾನ ಕೊಡುವ ಪದ್ಧತಿಯಿದ್ದ ಆ ಕಾಲದಿಂದಲೂ ಇನ್‌ಸ್ಪೆಕ್ಟರ್ ಸಾಹೇಬರು ಶಾಲೆಗೆ ಬಂದು ಮಕ್ಕಳಿಂದ ಓದಿಸಿ, ಪ್ರಶ್ನೆ ಕೇಳಿ ನೋಡುತ್ತಿದ್ದರು. ನಾನು ವಿದ್ಯಾರ್ಥಿಯಾಗಿದ್ದಾಗಲೂ ಅದರ ನೆರಳು ಉಳಿದಿತ್ತು: ಸಾಹೇಬರು ಬರುವ ಮುನ್ನಾ ವಾರ ಒಂದು ಪಾಠವನ್ನು ಇಡೀ ವರ್ಗ ರಾಗವಾಗಿ ಗಟ್ಟಿ ಮಾಡುತ್ತಿತ್ತು. ಅದು ಕಂಠಪಾಠದ ಪರೀಕ್ಷೆ, ಮಾತಿನದಲ್ಲ.

ಸ್ವಾತಂತ್ರ್ಯದ ನಂತರ ಮುಂಬಯಿ ಸರಕಾರ ಇಂಗ್ಲಿಷನ್ನು ಎಂಟನೆಯ ಇಯತ್ತೆಗೆ ಮುಂದೂಡಿತು. 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯ ಸೇರಿದ ಮೇಲೆ ಪಠ್ಯಕ್ರಮ ಬದಲಾಯಿತು. ಮುಂದೆ ಭಾಷಾನೀತಿಯ ದೊಡ್ಡ ಚರ್ಚೆ ನಡೆದದ್ದು ಗೋಕಾಕ್ ವರದಿಯ ಕಾಲಕ್ಕೆ. ವರದಿ ಕೊಟ್ಟ ವಿನಾಯಕ ಕೃಷ್ಣ ಗೋಕಾಕರು ನಮ್ಮ ಪಕ್ಕದ ಸವಣೂರಿನವರು, ಧಾರವಾಡದಲ್ಲಿ ಓದಿ ಆಕ್ಸ್‌ಫರ್ಡಿಗೆ ಹೋದವರು, ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾಗಿದ್ದವರು. ಅಂಥವರೇ ಪ್ರೌಢಶಾಲೆಯಲ್ಲಿ ಕನ್ನಡ ಪ್ರಥಮ ಭಾಷೆಯಾಗಿರಲಿ ಎಂದರು. ಕನ್ನಡ ಗಟ್ಟಿಯಾದರೆ ಇಂಗ್ಲಿಷ್ ಸೊರಗುತ್ತದೆ ಎನ್ನುವವರಿಗೆ ಗೋಕಾಕರ ಬದುಕೇ ಉತ್ತರ.

ಅದೇ ವರ್ಷಗಳಲ್ಲಿ, 1979ರಿಂದ 1984ರವರೆಗೆ, ಎನ್. ಎಸ್. ಪ್ರಭು ಅವರು ಬೆಂಗಳೂರು ಮತ್ತು ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ಲೋಕದ ಭಾಷಾಶಿಕ್ಷಕರೆಲ್ಲ ಅದನ್ನು ‘ಬೆಂಗಳೂರು ಪ್ರಾಜೆಕ್ಟ್’ ಎಂದು ಬಲ್ಲರು. ವ್ಯಾಕರಣದ ಸೂತ್ರ ಹೇಳಿಕೊಡದೆ ಮಕ್ಕಳ ಮುಂದೆ ರೈಲಿನ ವೇಳಾಪಟ್ಟಿಯನ್ನೋ ಊರಿನ ನಕ್ಷೆಯನ್ನೋ ಇಟ್ಟು ಸಮಸ್ಯೆ ಕೊಡುತ್ತಿದ್ದರು. ಮೊದಲು ಶಿಕ್ಷಕರು ಇಡೀ ವರ್ಗದೊಂದಿಗೆ ಒಂದನ್ನು ಬಿಡಿಸುವುದು, ಆಮೇಲೆ ಅಂಥದೇ ಇನ್ನೊಂದನ್ನು ಮಕ್ಕಳು ತಾವೇ ಬಿಡಿಸುವುದು. ಮಾತಾಡಲೇಬೇಕೆಂಬ ಬಲವಂತವಿಲ್ಲ; ಮೊದಲಿಗೆ ಒಂದೇ ಶಬ್ದದ ಉತ್ತರ ಬಂದರೂ ನಡೆಯುತ್ತಿತ್ತು. ಅರ್ಥದ ಕಡೆ ಲಕ್ಷ್ಯವಿದ್ದರೆ ಭಾಷೆ ಹಿಂದೆಯೇ ಬರುತ್ತದೆ ಎಂಬುದು ಅವರ ನಂಬಿಕೆ. ರೈಲ್ವೆ ಊರಾದ ನಮ್ಮಲ್ಲಿ ಈ ಪಾಠ ಎಷ್ಟು ಹೊಂದುತ್ತಿತ್ತು! ನನ್ನ ವರ್ಗದಲ್ಲಿ ಹುಬ್ಬಳ್ಳಿ ನಿಲ್ದಾಣದ ವೇಳಾಪಟ್ಟಿ ಹಿಡಿದು ಇದನ್ನು ಮಾಡಿ ನೋಡಿದ್ದೇನೆ. ಹಿಂದಿನ ಬೆಂಚಿನ ಹುಡುಗರೇ ಮೊದಲು ಕೈ ಎತ್ತಿದರು.

2014-15ರಿಂದ ಹತ್ತನೆಯ ತರಗತಿಗೂ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಬಂದು ಇಂಗ್ಲಿಷಿಗೆ 80 ಅಂಕ ಬರವಣಿಗೆಗೆ, 20 ಅಂಕ ಶಾಲೆಯ ಕೈಗೆ ಬಂದವು. ಮಾತಿನ ಚಟುವಟಿಕೆಗೆ ಅಂಕ ಕೊಡುವ ಅವಕಾಶ ನಮ್ಮ ಕೈಗೆ ಸಿಕ್ಕಿತು. ಆದರೆ ಹಲವು ಕಡೆ ಕಂಡದ್ದು ಹಳೆಯ ರೂಢಿಯೇ: ಹಾಳೆಯಲ್ಲಿ ಬರೆದದ್ದನ್ನು ಬಾಯಿಪಾಠ ಮಾಡಿ ಒಪ್ಪಿಸಿದರೆ ಪೂರ್ತಿ ಅಂಕ. ಇದರಿಂದ ನಷ್ಟವಾಗುವುದು ಸರಕಾರಿ ಶಾಲೆಯ ಮಕ್ಕಳಿಗೇ. ಮನೆಯಲ್ಲಿ ಇಂಗ್ಲಿಷ್ ಕೇಳುವ ಮಗುವಿಗೆ ಶಾಲೆ ತಪ್ಪಿದರೂ ಬೇರೆ ದಾರಿಯಿದೆ. ಕನ್ನಡ, ಉರ್ದು, ಮರಾಠಿ, ತೆಲುಗು ಆಡುವ ನಮ್ಮ ಓಣಿಗಳ ಮಕ್ಕಳಿಗೆ ಇರುವುದು ವಾರದ ಆ ಕೆಲವೇ ಪಿರಿಯಡ್‌ಗಳು.

ಹಾಗಾದರೆ ಸರಾಗವಾಗಿ ಮಾತಾಡುವುದೆಂದರೇನು? ಕೇಂಬ್ರಿಜ್‌ನವರು 1913ರಲ್ಲಿ ಪರಭಾಷಿಕರಿಗಾಗಿ ಮೊದಲ ಇಂಗ್ಲಿಷ್ ಪರೀಕ್ಷೆ ನಡೆಸಿದಾಗ ಅದರಲ್ಲಿ ಓದುವುದು ಮತ್ತು ಸಂಭಾಷಣೆ ಸೇರಿತ್ತು. ಕುಳಿತವರು ಮೂವರು, ಮೂವರೂ ನಪಾಸು. ಇಂದು ವಿದೇಶಕ್ಕೆ ಹೋಗುವವರು ಬರೆಯುವ ಐಇಎಲ್‌ಟಿಎಸ್ ಪರೀಕ್ಷೆಯ ಮಾತಿನ ಭಾಗ 11ರಿಂದ 14 ನಿಮಿಷ. ಅಲ್ಲಿ ನೋಡುವುದು ನಾಲ್ಕು: ಮಾತಿನ ಓಟ ಮತ್ತು ಹೊಂದಾಣಿಕೆ, ಶಬ್ದಸಂಪತ್ತು, ವ್ಯಾಕರಣ, ಉಚ್ಚಾರ. ವೇಗವಾಗಿ ಒದರುವುದಕ್ಕೆ ಅಂಕವಿಲ್ಲ. ಒಂದು ವಿಚಾರ ಮುಗಿದಾಗ ನಿಂತು, ಮುಂದಿನದಕ್ಕೆ ಎಡವದೆ ಸಾಗಿದರೆ ಅದೇ ಸರಾಗ. ನಾವು ‘ಬಸ್ಸು’, ‘ಟೇಬಲ್ಲು’ ಎಂದು ಕೊನೆಗೆ ಉಕಾರ ಸೇರಿಸುವುದು ಕನ್ನಡದ ಜಾಯಮಾನ. ಅದನ್ನು ಮೆಲ್ಲಗೆ ತಿದ್ದಬಹುದು, ನಾಚಿಕೆಪಡಬೇಕಾಗಿಲ್ಲ.

ಭಾಷಾಬೋಧನೆಯ ವಿದ್ವಾಂಸ ಪಾಲ್ ನೇಷನ್ ಬರೆದಿರುವ ಒಂದು ಅಭ್ಯಾಸಕ್ಕೆ ಖರ್ಚೇ ಇಲ್ಲ. ಒಂದು ವಿಷಯವನ್ನು ಗೆಳೆಯನಿಗೆ ನಾಲ್ಕು ನಿಮಿಷ ಹೇಳಬೇಕು. ಅದನ್ನೇ ಇನ್ನೊಬ್ಬನಿಗೆ ಮೂರು ನಿಮಿಷದಲ್ಲಿ, ಮತ್ತೊಬ್ಬನಿಗೆ ಎರಡು ನಿಮಿಷದಲ್ಲಿ. ಹೇಳಬೇಕಾದದ್ದು ಮೊದಲೇ ಗೊತ್ತಿರುವುದರಿಂದ ಮೂರನೆಯ ಸಲ ತಡವರಿಕೆ ತಾನಾಗಿ ಕಡಿಮೆಯಾಗುತ್ತದೆ. ವಿಷಯಕ್ಕೆ ನಮ್ಮಲ್ಲಿ ಬರವೇ? ಶಿವರಾತ್ರಿಯ ಮರುದಿನ ಸಿದ್ಧಾರೂಢ ಮಠದ ತೇರು, ಅಪ್ಪನ ಅಂಗಡಿ, ಅವ್ವ ರೊಟ್ಟಿ ಬಡಿಯುವ ಬಗೆ, ಯಾವುದಾದರೂ ಆದೀತು.

ಮುಖ್ಯ ಗುರುಗಳಲ್ಲಿ ಮತ್ತು ಗುರುವೃಂದದಲ್ಲಿ ನನ್ನ ವಿನಂತಿ ಇಷ್ಟೇ. ಇನ್ನು ಮುಂದೆ ವಾರಕ್ಕೊಂದು ಪಿರಿಯಡ್ ಪುಸ್ತಕ ಮುಚ್ಚಿಟ್ಟು ಮಾತಿಗೇ ಮೀಸಲಿಡಿರಿ. ಆಗ ಮಗು ತಪ್ಪಾಡಿದರೆ ನಡುವೆ ತಡೆಯಬೇಡಿರಿ, ಮುಗಿದ ಮೇಲೆ ತಿದ್ದಿರಿ. ಮೌಖಿಕ ಅಂಕವನ್ನು ಮಾತಿಗೇ ಕೊಡಿರಿ, ಬಾಯಿಪಾಠಕ್ಕೆ ಬೇಡ. ನೂರಕ್ಕೂ ಹೆಚ್ಚು ವರ್ಷ ಬರೆಯುವ ಕೈಯನ್ನಷ್ಟೇ ಪರೀಕ್ಷಿಸಿದ ಈ ನೆಲದಲ್ಲಿ ಮಕ್ಕಳ ಬಾಯಿಗೂ ಒಂದು ಅವಕಾಶ ಸಿಗಲಿ.