ಎಲ್ಲೆಡೆಗೂ ಸಲ್ಲುವವನು

ಓಟ ಎಣಿಸಲು ಅಂಕಪಟ್ಟಿಯುಂಟು. ತಂಡದ ಕೊರತೆ ತುಂಬಿದವನ ಸೇವೆಯನ್ನು ಬರೆದಿಡಲು ಅದರಲ್ಲಿ ಕಲಮಿಲ್ಲ. ನಮ್ಮ ಹೊಳವನಹಳ್ಳಿಯ ಹುಡುಗರು ಆಟಕ್ಕೆ ಆಳು ಆರಿಸುವಾಗ, ಎಲ್ಲಿ ನಿಲ್ಲಿಸಿದರೂ ನಿಲ್ಲುವವನನ್ನು ಬಿಟ್ಟುಕೊಡುವುದಿಲ್ಲ. ಚರಿತ್ರೆಯೂ ಅವರ ಪಕ್ಷವೇ.

1967ರ ಬರ್ಮಿಂಗ್‌ಹ್ಯಾಮ್ ಟೆಸ್ಟಿನಲ್ಲಿ ಭಾರತ ಬೇಡಿ, ಚಂದ್ರಶೇಖರ್, ಪ್ರಸನ್ನ, ವೆಂಕಟರಾಘವನ್ ನಾಲ್ವರನ್ನೂ ಆಡಿಸಿತು. ಹೊಸ ಚೆಂಡಿಗೆ ಪಳಗಿದ ವೇಗಿ ಇರಲಿಲ್ಲ. ಮೂಲ್ಕಿಯಲ್ಲಿ ಹುಟ್ಟಿದ ವಿಕೆಟ್ ಕೀಪರ್ ಬುಧಿ ಕುಂದರನ್ ಬ್ಯಾಟಿಂಗಿನ ಜೊತೆಗೆ ಬೌಲಿಂಗನ್ನೂ ಆರಂಭಿಸಿದರು.

ಮುಂದೆ ಅದೇ ಬಗೆಯ ಹೊರೆ ರಾಹುಲ್ ದ್ರಾವಿಡರ ಹೆಗಲೇರಿತು. 2002ರ ಲಾರ್ಡ್ಸ್ ಫೈನಲ್ಲಿನ ಅಂಕಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ನಾನು ಕಾಣುವುದು ಐದೇ ಓಟ. ಗುರಿ 326, 146ಕ್ಕೆ ಐದು ವಿಕೆಟ್ ಬಿದ್ದಿದ್ದುವು. ಏಳನೆಯವರಾಗಿ ಬಂದ ಕೈಫ್ ಅಜೇಯ 87 ಹೊಡೆದು ಗೆಲ್ಲಿಸಿದರು. ಆ ಏಳನೆಯ ಬ್ಯಾಟುಗಾರನಿಗೆ ತಂಡದಲ್ಲಿ ಎಡೆ ದೊರೆತುದು ಹೇಗೆ? ದ್ರಾವಿಡರು ಕೀಪರನ ಕೈಗವಸು ತೊಟ್ಟುದರಿಂದ.

ನುರಿತ ಕೀಪರ್ ಹೊರಗುಳಿದನಲ್ಲ ಎಂದು ವಾಚಕರು ಆಕ್ಷೇಪಿಸಬಹುದು. ನಿಜ, ಅದಕ್ಕೆ ಬೆಲೆಯುಂಟು. ಆದರೆ ಕೈತಪ್ಪಿದ ಕ್ಯಾಚು ಎಲ್ಲರ ಕಣ್ಣಿಗೂ ಬೀಳುತ್ತದೆ. ಬಿಟ್ಟುಕೊಟ್ಟ ಎಡೆಯಲ್ಲಿ ಮತ್ತೊಬ್ಬನು ಗಳಿಸಿದ ಓಟ ಬಿಟ್ಟುಕೊಟ್ಟವನ ಲೆಕ್ಕಕ್ಕೆ ಸೇರುವುದಿಲ್ಲ.

2023ರ ವಿಶ್ವಕಪ್ಪಿನಲ್ಲಿ ಕೆ. ಎಲ್. ರಾಹುಲ್ ಇದೇ ಎರಡು ಕೆಲಸ ಹೊತ್ತರು. ಆಗ ತರಬೇತುದಾರರು ದ್ರಾವಿಡರೇ. ಅಮೆರಿಕದ ಬೇಸ್‌ಬಾಲಿನಲ್ಲಿ ಹಲವು ಸ್ಥಾನ ಕಾಯುವವರಿಗೆಂದೇ 2022ರಿಂದ ಗೋಲ್ಡ್ ಗ್ಲೋವ್ ಪ್ರಶಸ್ತಿಯಲ್ಲಿ ಬೇರೊಂದು ವಿಭಾಗವಿದೆ. ನಾವು ಪ್ರಶಸ್ತಿ ಕೊಡದಿದ್ದರೂ ಚಿಂತೆಯಿಲ್ಲ. ಗೆಲುವಿನ ಕಥೆ ಹೇಳುವಾಗ ಎಡೆ ಮಾಡಿಕೊಟ್ಟವನ ಹೆಸರನ್ನು ಮರೆಯದಿದ್ದರೆ ಸಾಕು.