ಎಂಜಿನ್ ಬದಲಾಯಿಸಿದ್ರೆ ಮುಗೀತಾ? ಗೇರ್‌ಬಾಕ್ಸ್ ಕಥೆ ಕೇಳಿ

ರೀಲ್ಸ್‌ನಲ್ಲಿ ನೀವು ಈ ಗಾಡಿ ನೋಡಿರ್ತೀರಿ. ದುಂಡು ಮೂತಿ, ಉಬ್ಬಿದ ಮಡ್‌ಗಾರ್ಡ್, ಮುಂದೆ ಗ್ರಿಲ್‌ನಲ್ಲಿ ಐದು ಅಡ್ಡಪಟ್ಟಿ. ಅಮೆರಿಕದ ಹಳೇ ಶೆವರ್ಲೆ ಪಿಕಪ್, ಮಾಡೆಲ್ 3100. ಯಾರೋ ಕೀ ತಿರುಗಿಸ್ತಾರೆ, ಗುಡುಗಿದ ಹಾಗೆ ವಿ8 ಎಂಜಿನ್ ಸ್ಟಾರ್ಟ್ ಆಗುತ್ತೆ. ಕಾಮೆಂಟ್‌ನಲ್ಲಿ ಎಲ್ಲರೂ "ಹಳೇ ಗಾಡಿ ಸೌಂಡೇ ಬೇರೆ ಗುರು" ಅಂತ ಬರೀತಾರೆ.

ಆದರೆ ಆ ಸದ್ದು ಆ ಗಾಡಿದಲ್ಲ. 1947ರಿಂದ 1955ರ ಶುರುವಿನವರೆಗೆ ಬಂದ ಈ ಪಿಕಪ್‌ಗೆ ಶೆವರ್ಲೆ ಕಂಪನಿ ವಿ8 ಕೊಟ್ಟೇ ಇರಲಿಲ್ಲ. ಹೆಚ್ಚಿನ ವರ್ಷ ಕೊಟ್ಟಿದ್ದು ಒಂದೇ ಸಾಲಿನಲ್ಲಿ ಆರು ಸಿಲಿಂಡರ್ ಇರುವ, 216 ಘನ ಇಂಚಿನ, ಅಂದ್ರೆ ಸುಮಾರು ಮೂರೂವರೆ ಲೀಟರಿನ ಎಂಜಿನ್. 90 ಹಾರ್ಸ್‌ಪವರ್. ಅದರ ಬೋಲ್ಟುಗಳು ಸೌದೆ ಒಲೆಗೆ ಹಾಕುವ ಬೋಲ್ಟಿನ ಹಾಗೆ ಕಾಣ್ತಿದ್ದವು ಅಂತ ಜನ ಇಟ್ಟ ಅಡ್ಡಹೆಸರು 'ಸ್ಟೋವ್‌ಬೋಲ್ಟ್ ಸಿಕ್ಸ್'.

ಇದು ಕೆಟ್ಟ ಎಂಜಿನ್ ಅಂತ ನಾನು ಹೇಳಲ್ಲ. ಹೊಲದಿಂದ ಊರಿಗೆ, ಊರಿಂದ ಹೊಲಕ್ಕೆ ಜೋಳದ ಮೂಟೆ, ಹುಲ್ಲಿನ ಪೆಂಡಿ ಹೊರೋದಕ್ಕೆ ಅದಕ್ಕಿಂತ ಇನ್ನೇನು ಬೇಕಿತ್ತು? ಕನೆಕ್ಟಿಂಗ್ ರಾಡಿನ ತುದಿಯಲ್ಲಿ ಚಿಕ್ಕ ಸೌಟಿನಂಥದ್ದೊಂದು ಇರುತ್ತಿತ್ತು. ಎಂಜಿನ್ ತಿರುಗಿದಂತೆ ಅದೇ ಆಯಿಲ್ ಮೊಗೆದು ಬೇರಿಂಗಿಗೆ ಕುಡಿಸುತ್ತಿತ್ತು. ನಿಧಾನಕ್ಕೆ ಓಡಿಸಿದ್ರೆ ವರ್ಷಗಟ್ಟಲೆ ತೊಂದರೆ ಇಲ್ಲ. ಹಿಂದಿನ ಆಕ್ಸಲ್‌ನ ಗೇರ್ ಅನುಪಾತ 4.11. ಅಂದ್ರೆ ಚಕ್ರ ಒಂದು ಸುತ್ತು ತಿರುಗೋಕೆ ಶಾಫ್ಟ್ ನಾಲ್ಕು ಸುತ್ತು ತಿರುಗಬೇಕು. ಭಾರ ಎಳೆಯೋಕೆ ಹೇಳಿ ಮಾಡಿಸಿದ್ದು, ವೇಗಕ್ಕಲ್ಲ.

ಕಷ್ಟ ಬಂದಿದ್ದು ರಸ್ತೆಯಿಂದ. 1956ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಹೆದ್ದಾರಿ ಕಾಯ್ದೆಗೆ ಸಹಿ ಹಾಕಿದ್ರು, 41,000 ಮೈಲಿಯ ಇಂಟರ್‌ಸ್ಟೇಟ್ ಜಾಲಕ್ಕೆ. ಸಿಗ್ನಲ್ ಇಲ್ಲ, ಅಡ್ಡರಸ್ತೆ ಇಲ್ಲ, ಎಲ್ಲರೂ ಗಂಟೆಗೆ ನೂರು ಕಿಲೋಮೀಟರಿನ ಮೇಲೆ. ನಮ್ಮ ಸ್ಟೋವ್‌ಬೋಲ್ಟ್ ಅಲ್ಲಿ ಗಂಟೆಗೆ 95 ಕಿ.ಮೀ. ಹೋಗಬೇಕಂದ್ರೆ ನಿಮಿಷಕ್ಕೆ ಸುಮಾರು 3,000 ಸುತ್ತು ತಿರುಗಬೇಕು. ಅದು ಪೂರ್ತಿ ಶಕ್ತಿ ಕೊಡೋದೇ 3,300ರಲ್ಲಿ. ಸೌಟಿನಲ್ಲಿ ಆಯಿಲ್ ಕುಡಿಯೋ ಬೇರಿಂಗನ್ನ ಹೀಗೆ ಗಂಟೆಗಟ್ಟಲೆ ಓಡಿಸಿದ್ರೆ ಏನಾಗುತ್ತೆ ಅಂತ ಮೆಕ್ಯಾನಿಕ್ ಆಗಬೇಕಿಲ್ಲ, ನನ್ನಂಥ ಬಿ.ಕಾಂ. ಗಿರಾಕಿಗೂ ಗೊತ್ತಾಗುತ್ತೆ. ಗಾಡಿ ಹಳತಾಗಲಿಲ್ಲ, ರಸ್ತೆ ಹೊಸದಾಯ್ತು.

ಇದಕ್ಕೆ ಉತ್ತರ ಶೆವರ್ಲೆ ಕಂಪನಿಯೊಳಗೇ ಹುಟ್ಟಿತ್ತು. ಮುಖ್ಯ ಎಂಜಿನಿಯರ್ ಎಡ್ ಕೋಲ್ ಅವರ ತಂಡ 1955ರ ಮಾಡೆಲ್‌ಗೆ 265 ಘನ ಇಂಚಿನ ಹೊಸ ವಿ8 ಮಾಡಿತು. 162 ಹಾರ್ಸ್‌ಪವರ್, ಆದರೂ ಹಳೇ ಸಿಕ್ಸ್‌ಗಿಂತ ಹಗುರ. (ಆ ಮೊದಲ ವರ್ಷದ ಬ್ಲಾಕ್‌ನಲ್ಲಿ ಆಯಿಲ್ ಫಿಲ್ಟರ್‌ಗೆ ಜಾಗ ಬಿಡೋದನ್ನೇ ಮರೆತಿದ್ರು ಅನ್ನಿ.) ಇದೇ ಮುಂದೆ 'ಸ್ಮಾಲ್ ಬ್ಲಾಕ್' ಅಂತ ಹೆಸರಾಯ್ತು.

ನನಗೆ ಇದರಲ್ಲಿ ಶಕ್ತಿಗಿಂತ ದೊಡ್ಡದಾಗಿ ಕಾಣೋದು ಬೋಲ್ಟಿನ ತೂತುಗಳು. ಎಂಜಿನ್‌ನ ಹಿಂಭಾಗದಲ್ಲಿ ಗೇರ್‌ಬಾಕ್ಸ್ ಕೂರುವ ಬೋಲ್ಟುಗಳ ಜಾಗವನ್ನ ಶೆವರ್ಲೆ ದಶಕಗಟ್ಟಲೆ ಬದಲಾಯಿಸಲಿಲ್ಲ. 265 ಆಯ್ತು, 283 ಆಯ್ತು, 1967ರಲ್ಲಿ 350 ಬಂತು. ಒಂದಕ್ಕೆ ಕೂತ ಗೇರ್‌ಬಾಕ್ಸ್ ಇನ್ನೊಂದಕ್ಕೂ ಕೂರುತ್ತೆ. 1970ರ ಕಾರು ಗುಜರಿಗೆ ಬಂದ್ರೆ ಅದರ ಎಂಜಿನ್, ಅದರ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಎರಡನ್ನೂ ಜೋಡಿಯಾಗಿಯೇ ಎತ್ತಿಕೊಂಡು ಬರಬಹುದು. ಗ್ಯಾರೇಜ್ ಹುಡುಗರ ಜೇಬಿಗೆ ನಿಲುಕುವಂತೆ ಮಾಡಿದ್ದು ಈ ಹೊಂದಾಣಿಕೆಯೇ. 2011ರಲ್ಲಿ ಜಿಎಂ ಹತ್ತು ಕೋಟಿಯ ಸ್ಮಾಲ್ ಬ್ಲಾಕ್ ಮಾಡಿ ಮುಗಿಸಿತು. ಅಷ್ಟು ಎಂಜಿನ್ ಇರೋ ದೇಶದಲ್ಲಿ ಸ್ಟೋವ್‌ಬೋಲ್ಟ್ ಬೋರ್ ಮಾಡಿಸ್ತಾ ಕೂರೋರು ಎಷ್ಟು ಜನ?

ಹಾಗಾದ್ರೆ ಹಳೇದು ಇಳಿಸಿ, ಹೊಸದು ಏರಿಸಿ, ಮುಗೀತಲ್ವಾ? ಇಲ್ಲ. ಇಲ್ಲಿಂದಲೇ ತಮಾಷೆ ಶುರು.

ಎಂಜಿನ್ ಕೂರಿಸೋದು ಹೆಚ್ಚು ಕಷ್ಟ ಅಲ್ಲ. ಚಾಸಿಗೆ ಹೊಸ ಮೌಂಟಿಂಗ್ ವೆಲ್ಡ್ ಮಾಡಬೇಕು. ಎಡಗಡೆ ಸೈಲೆನ್ಸರ್ ಮ್ಯಾನಿಫೋಲ್ಡ್ ಸ್ಟೀರಿಂಗಿಗೆ ತಗುಲುತ್ತೆ, ಅದಕ್ಕೆ ಟಗರಿನ ಕೊಂಬಿನ ಹಾಗೆ ಬಾಗಿದ ಹಳೇ ಮ್ಯಾನಿಫೋಲ್ಡ್ ಹುಡುಕಿ ಹಾಕ್ತಾರೆ. 6 ವೋಲ್ಟ್ ವೈರಿಂಗ್ ತೆಗೆದು 12 ವೋಲ್ಟ್ ಎಳೀಬೇಕು. ಎರಡು ಮೂರು ಶನಿವಾರದ ಕೆಲಸ.

ಗೇರ್‌ಬಾಕ್ಸ್ ಹಾಗಲ್ಲ. ಈ ಪಿಕಪ್‌ನಲ್ಲಿ ಪ್ರೊಪೆಲ್ಲರ್ ಶಾಫ್ಟ್ ನಮ್ಮ ಜೀಪಿನ ಹಾಗೆ ಬಯಲಿಗೆ ಕಾಣಲ್ಲ. ಒಂದು ದಪ್ಪ ಕೊಳವೆಯ ಒಳಗಿರುತ್ತೆ. ಅದೇ ಟಾರ್ಕ್ ಟ್ಯೂಬ್. ಕೊಳವೆಯ ಒಂದು ತುದಿ ಗೇರ್‌ಬಾಕ್ಸಿಗೆ, ಇನ್ನೊಂದು ತುದಿ ನೇರವಾಗಿ ಹಿಂದಿನ ಆಕ್ಸಲ್‌ಗೆ ಬಿಗಿದಿರುತ್ತೆ. ಹೊಸ ಗೇರ್‌ಬಾಕ್ಸಿಗೆ ಈ ಕೊಳವೆ ಕೂರೋದಿಲ್ಲ. ಹಾಗಾಗಿ ಗೇರ್‌ಬಾಕ್ಸ್ ಬದಲಾಯಿಸಿದ್ರೆ ಕೊಳವೆ ಹೋಗ್ಬೇಕು, ಕೊಳವೆ ಹೋದ್ರೆ ಆಕ್ಸಲ್ ಪೂರ್ತಿ ಹೋಗ್ಬೇಕು. ಸರಿ, ಗುಜರಿಯಿಂದ ಕಮಾರೊ ಕಾರಿನ ಆಕ್ಸಲ್ ತಂದ್ರು ಅಂತಿಟ್ಕೊಳ್ಳಿ. ಅದರ ಚಕ್ರಕ್ಕೆ ಐದು ನಟ್ಟು, ಪಿಕಪ್‌ನ ಮುಂದಿನ ಚಕ್ರಕ್ಕೆ ಆರು. ಒಂದೇ ಸ್ಟೆಪ್ನಿ ಎರಡೂ ಕಡೆ ಆಗಲ್ಲ. ಹಾಗಾದ್ರೆ ಮುಂದಿನ ಹಬ್ ಬದಲಾಯಿಸಿ. ಹಬ್ ಬಿಚ್ಚಿದ ಮೇಲೆ ಡಿಸ್ಕ್ ಬ್ರೇಕ್ ಯಾಕೆ ಬಿಡಬೇಕು? ಡಿಸ್ಕ್ ಹಾಕಿದ್ರೆ ಮಾಸ್ಟರ್ ಸಿಲಿಂಡರ್ ಬೇರೆ ಬೇಕು. ಮದುವೆ ಮನೆ ಖರ್ಚಿನ ಹಾಗೆ, ಒಂದು ಚೀಟಿ ಹಿಂದೆ ಇನ್ನೊಂದು.

ಇದನ್ನ ನೋಡಿದ ಕೆಲವರು ಉಲ್ಟಾ ದಾರಿ ಹಿಡಿದ್ರು. ಸ್ಟೋವ್‌ಬೋಲ್ಟ್ ಅಲ್ಲೇ ಇರಲಿ, ಮೂರು ಗೇರಿನ ಬಾಕ್ಸ್ ಮಾತ್ರ ತೆಗೆದು ಶೆವರ್ಲೆ ಎಸ್-10 ಪಿಕಪ್‌ನ ಐದು ಗೇರಿನ ಟಿ5 ಹಾಕೋಣ ಅಂತ. ಐದನೇ ಗೇರು ಓವರ್‌ಡ್ರೈವ್, ಅದೇ ವೇಗದಲ್ಲಿ ಎಂಜಿನ್‌ನ ಸುತ್ತು ಸುಮಾರು ಕಾಲು ಭಾಗ ಇಳಿಯುತ್ತೆ. ಕೊಳವೆ, ಆಕ್ಸಲ್ ಹೋಗೋದು ತಪ್ಪಲ್ಲ, ಆದರೆ ಬಾನೆಟ್ ಎತ್ತಿದ್ರೆ ಅಜ್ಜನ ಎಂಜಿನ್ ಅಲ್ಲೇ ಇರುತ್ತೆ. ನನ್ನನ್ನ ಕೇಳಿದ್ರೆ ಮರ್ಯಾದಸ್ಥ ದಾರಿ ಇದೇ. ವಿ8 ಅಭಿಮಾನಿಗಳು ಬೈಯಬಹುದು, ಬೈಯಲಿ.

ಈಗಂತೂ ಎಂಜಿನ್ನೇ ಇಲ್ಲದ ಕಾಲ. 2021ರಲ್ಲಿ ಫೋರ್ಡ್ ಕಂಪನಿ ತನ್ನದೇ 1978ರ ಎಫ್-100 ಪಿಕಪ್‌ಗೆ ಎರಡು ಎಲೆಕ್ಟ್ರಿಕ್ ಮೋಟರ್ ಹಾಕಿ ತೋರಿಸ್ತು, 480 ಹಾರ್ಸ್‌ಪವರ್. ಗೇರ್‌ಬಾಕ್ಸಿನ ತಲೆನೋವೇ ಇಲ್ಲ.

ನಮ್ಮ ದೇಶಕ್ಕೆ ಬರೋಣ. ಜನರಲ್ ಮೋಟರ್ಸ್ 1928ರಲ್ಲೇ ಮುಂಬೈಯಲ್ಲಿ ಶೆವರ್ಲೆ ಜೋಡಿಸೋಕೆ ಶುರು ಮಾಡಿ 1954ರಲ್ಲಿ ಬಾಗಿಲು ಹಾಕಿತು. ಆ ಕಾಲದ ಗಾಡಿ ಇವತ್ತು ಯಾರ ಶೆಡ್ಡಿನಲ್ಲಾದರೂ ಸಿಕ್ಕಿದ್ರೆ? 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ನಿಯಮ ತಂದಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಮೂಲ ರೂಪದಲ್ಲೇ ಇರಬೇಕು. ಚಾಸಿ, ಬಾಡಿ, ಎಂಜಿನ್ ದೊಡ್ಡದಾಗಿ ಬದಲಾಗಿರಬಾರದು. ಹಾಗಿದ್ರೆ ಮಾತ್ರ 'ವಿಎ' ಸರಣಿಯ ನಂಬರ್, ಹೊಸ ನೋಂದಣಿಗೆ 20,000 ರೂಪಾಯಿ. ಅಮೆರಿಕದಲ್ಲಿ ದಿನಾ ಓಡಾಡ್ತಿರುವ ವಿ8 ಹಾಕಿದ 3100 ನಮ್ಮ ಕಾನೂನಿನ ಕಣ್ಣಿಗೆ ವಿಂಟೇಜೇ ಅಲ್ಲ. ಮೂಲ ಎಂಜಿನ್ ಇದ್ದು ನಂಬರ್ ಸಿಕ್ಕಿದ್ರೂ ಅದನ್ನ ದಿನಾ ಓಡಿಸುವ ಹಾಗಿಲ್ಲ, ಪ್ರದರ್ಶನ, ರ‍್ಯಾಲಿ, ರಿಪೇರಿ ಇಂಥದ್ದಕ್ಕಷ್ಟೇ. ಓಡಬೇಕಂದ್ರೆ ಹಳೇತನ ಬಿಡು, ಹಳೇದಾಗಿ ಉಳೀಬೇಕಂದ್ರೆ ಓಡಬೇಡ ಅಂದ ಹಾಗಾಯ್ತು. ಈ ನಿಯಮ ಯಾಕೆ ಅನ್ನೋದು ನನಗೆ ಅರ್ಥವಾಗುತ್ತೆ, ಆದರೂ ಪಿಕಪ್ ಅನ್ನೋದು ಮೂಟೆ ಹೊರೋಕೆ ಹುಟ್ಟಿದ ಗಾಡಿ ಅಲ್ವಾ ಅಂತ ಹೊಟ್ಟೆ ಉರಿಯುತ್ತೆ.

ಒಂದು ಮಾತು ಹೇಳಿ ಹೊರಡ್ತೀನಿ. ನಿಮ್ಮನೇಲಿ ಅಪ್ಪನದೋ ಅಜ್ಜನದೋ ಗಾಡಿ ಇದ್ದು, ಮೆಕ್ಯಾನಿಕ್ "ಇಂಜಿನ್ ತೆಗೆದು ಬೇರೆ ಹಾಕೋಣ ಸಾರ್" ಅಂದ್ರೆ, ಮೊದಲು ಆರ್‌ಟಿಒದಲ್ಲಿ ವಿಚಾರಿಸಿ. ತೆಗೆದ್ರೂ ಹಳೇ ಎಂಜಿನ್, ಗೇರ್‌ಬಾಕ್ಸ್, ಶಾಫ್ಟ್ ಗುಜರಿಗೆ ಕೊಡಬೇಡಿ. ಆಯಿಲ್ ಹಚ್ಚಿ, ಟಾರ್ಪಾಲ್ ಸುತ್ತಿ ಶೆಡ್ಡಿನ ಮೂಲೆಯಲ್ಲಿಡಿ. ಮುಂದಿನ ವಾರ ಸಿಗೋಣ.