ಒದೆಯುವವನ ಮುಂದಿನ ಗೋಡೆ

ರಾಯಪುರಂ ಅಂದ ಕೂಡಲೇ ನಿಮಗೆ ಏನು ನೆನಪಾಗುತ್ತದೆ? ಕಾಸಿಮೇಡಿನ ಮೀನು, ಇಲ್ಲವೇ 1856ರಲ್ಲಿ ದಕ್ಷಿಣ ಭಾರತದ ಮೊದಲ ಪ್ರಯಾಣಿಕರ ರೈಲು ವಾಲಾಜಾ ರೋಡ್ ಕಡೆಗೆ ಹೊರಟ ಹಳೇ ಸ್ಟೇಷನ್ನು, ಅಲ್ಲವೇ? ಆ ರೈಲು ಹೊರಟ ಇಪ್ಪತ್ತು ವರ್ಷಕ್ಕೆ, ಅಂದರೆ 1876ರಲ್ಲಿ, ಅಮೆರಿಕದ ಕಾಲೇಜು ಹುಡುಗರು ಇಂಗ್ಲೆಂಡಿನ ರಗ್ಬಿ ನಿಯಮಗಳನ್ನು ಒಪ್ಪಿಕೊಂಡರು. ಒಪ್ಪಿಕೊಂಡವರು ಸುಮ್ಮನಿದ್ದರೇ? ತಿದ್ದಿ ತಿದ್ದಿ ತಮ್ಮದೇ ಫುಟ್‌ಬಾಲ್ ಮಾಡಿಕೊಂಡರು!

1882ರಲ್ಲಿ ಬಂದ ನಿಯಮ: ಮೂರು ಪ್ರಯತ್ನದಲ್ಲಿ ಐದು ಗಜ ಮುಂದೆ ಹೋಗದಿದ್ದರೆ ಚೆಂಡು ಎದುರಾಳಿಗೆ. 1912ರಿಂದ ನಾಲ್ಕು ಪ್ರಯತ್ನ, ಹತ್ತು ಗಜ. ಕೊನೆಯ ಪ್ರಯತ್ನದಲ್ಲೂ ಆಗದು ಅನ್ನಿಸಿದರೆ ಚೆಂಡನ್ನು ಕೈಯಿಂದ ಬಿಟ್ಟು, ನೆಲ ಮುಟ್ಟುವ ಮೊದಲೇ ದೂರಕ್ಕೆ ಒದ್ದುಬಿಡುತ್ತಾರೆ. ಇದೇ ಪಂಟ್. ಒದೆಯುವವನು ಸುಮಾರು ಹದಿನೈದು ಗಜ ಹಿಂದೆ ನಿಂತಿರುತ್ತಾನೆ. ಚೆಂಡು ಅವನ ಕೈಸೇರಿ ಕಾಲಿಂದ ಹಾರಲು ಬೇಕಾಗುವುದು ಎರಡು ಸೆಕೆಂಡು. ಆ ಎರಡು ಸೆಕೆಂಡು ಅವನನ್ನು ಕಾಯಬೇಕು.

ನಮ್ಮ ಕಬಡ್ಡಿಯಲ್ಲಿ ಕೈಕೈ ಹಿಡಿದು, ಒಳಗೆ ಬಂದವನನ್ನು ಕೆಡವುತ್ತೇವೆ. ಇಲ್ಲಿ ತದ್ವಿರುದ್ಧ. ಬರುವವನನ್ನು ತಡೆಯಬೇಕು, ಹಿಡಿದರೆ ದಂಡ! ಅದಕ್ಕೇ ಕೋಚ್‌ಗಳು ಮೊದಲು ತಿದ್ದುವುದು ಹುಡುಗರ ಹುಮ್ಮಸ್ಸನ್ನು. ಎದುರಾಳಿಯ ಮೇಲೆ ನುಗ್ಗಬೇಡ, ಒಂದು ಹೆಜ್ಜೆ ಹಿಂದಿಡು, ಒಳಗಿನ ಸಂದನ್ನು ಮೊದಲು ಮುಚ್ಚು. ಹೊರಗಿನಿಂದ ಸುತ್ತಿ ಬರುವವನಿಗೆ ದಾರಿ ದೂರ, ಒಳಗಿನಿಂದ ಬರುವವನಿಗೆ ಹತ್ತಿರ. ಲೆಕ್ಕ ಇಷ್ಟೇ.

ಲೆಕ್ಕ ತಪ್ಪಿದರೆ? 1972ರ ಡಿಸೆಂಬರ್ 2. ಅಲಬಾಮಾ ತಂಡ ಆವರೆಗೆ ಒಂದೂ ಪಂದ್ಯ ಸೋತಿರಲಿಲ್ಲ. ಆಬರ್ನ್ ವಿರುದ್ಧ 16-3ರಿಂದ ಮುಂದಿತ್ತು. ಕೊನೆಯ ನಿಮಿಷಗಳಲ್ಲಿ ಆಬರ್ನ್‌ನ ಬಿಲ್ ನ್ಯೂಟನ್ ಒಂದು ಪಂಟ್ ತಡೆದ, ಡೇವಿಡ್ ಲ್ಯಾಂಗ್ನರ್ ಚೆಂಡು ಎತ್ತಿಕೊಂಡು ಓಡಿ ಅಂಕ ತಂದ. ಸ್ವಲ್ಪ ಹೊತ್ತಿಗೆ ಅದೇ ಇಬ್ಬರು, ಅದೇ ಕೆಲಸ, ಮತ್ತೊಮ್ಮೆ! ಆಬರ್ನ್ 17, ಅಲಬಾಮಾ 16.

ಮುಂದೆ 1974ರಲ್ಲಿ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್, ಚೆಂಡು ಒದೆಯುವ ಮೊದಲು ಎರಡು ತುದಿಯ ಇಬ್ಬರು ಮಾತ್ರ ಮುಂದೆ ಓಡಬಹುದು ಎಂದಿತು. ಕಾಲೇಜು ಆಟಕ್ಕೆ ಆ ಕಟ್ಟು ಇಲ್ಲ. ಆದ್ದರಿಂದ ಅಲ್ಲಿ ಮುಂದಿನ ಸಾಲು ಬೇಗ ಓಡಿಹೋಗಿ, ದಪ್ಪ ಮೈಕಟ್ಟಿನ ಮೂವರು ಒದೆಯುವವನ ಮುಂದೆ ಗುರಾಣಿಯಂತೆ ನಿಲ್ಲುವ ಪದ್ಧತಿ ಬೆಳೆಯಿತು. ಹೆಸರೂ ಶೀಲ್ಡ್ ಅಂತಲೇ.

ನಮ್ಮವರಿಗೂ ಈ ಆಟದ ಗಾಳಿ ಬೀಸಿದ್ದುಂಟು. 2012ರಲ್ಲಿ ಎಲೀಟ್ ಫುಟ್‌ಬಾಲ್ ಲೀಗ್ ಆಫ್ ಇಂಡಿಯಾ ಕೊಲಂಬೋದಲ್ಲಿ ಪಂದ್ಯಗಳನ್ನು ನಡೆಸಿತು. ಆ ಲೀಗಿನಲ್ಲಿ ಬೆಂಗಳೂರು ವಾರ್‌ಹಾಕ್ಸ್ ಎಂಬ ತಂಡವೂ ಇತ್ತು. ಕ್ರಿಕೆಟ್ಟಿನ ಗದ್ದಲದಲ್ಲಿ ನಮಗೆ ಕೇಳಿಸಲಿಲ್ಲ, ಬಿಡಿ.

ಈಗ 2015ರ ಅಕ್ಟೋಬರ್ 17ಕ್ಕೆ ಬನ್ನಿ. ಮಿಶಿಗನ್ 23, ಮಿಶಿಗನ್ ಸ್ಟೇಟ್ 21. ಉಳಿದದ್ದು ಹತ್ತು ಸೆಕೆಂಡು. ಒದ್ದುಬಿಟ್ಟರೆ ಮಿಶಿಗನ್‌ಗೆ ಗೆಲುವು. ಎದುರಾಳಿಗಳು ಹಿಂದೆ ಚೆಂಡು ಹಿಡಿಯಲು ಯಾರನ್ನೂ ನಿಲ್ಲಿಸದೆ ಎಲ್ಲರನ್ನೂ ಮುಂದಕ್ಕೆ ತಂದರು. ಮಿಶಿಗನ್ ಮಾತ್ರ ಇಬ್ಬರನ್ನು ದೂರದ ಅಂಚುಗಳಲ್ಲೇ ಬಿಟ್ಟಿತ್ತು. ಚೆಂಡು ಹಿಡಿಯುವವನೇ ಇಲ್ಲದ ಕಡೆ ಆ ಇಬ್ಬರು ಯಾರನ್ನು ಬೆನ್ನಟ್ಟಬೇಕಿತ್ತು? ಗೋಡೆಗೆ ಸೇರಿಸಬಹುದಿತ್ತಲ್ಲ! ಚೆಂಡು ಕೆಳಮಟ್ಟದಲ್ಲಿ ಬಂತು. ಆಸ್ಟ್ರೇಲಿಯಾದ ಹುಡುಗ ಬ್ಲೇಕ್ ಓನೀಲ್ ಕೈತಪ್ಪಿದ. ಎತ್ತಲು ಹೋಗುವಷ್ಟರಲ್ಲಿ ಎಲ್ಲರೂ ಮೇಲೆ ಬಿದ್ದರು. ಜೇಲನ್ ವಾಟ್ಸ್-ಜಾಕ್ಸನ್ ಓಡಿ ಗೆರೆ ದಾಟಿದಾಗ ಗಡಿಯಾರದಲ್ಲಿ ಸಮಯವೇ ಉಳಿದಿರಲಿಲ್ಲ. 27-23.

ಜನ ಬೈದದ್ದು ಯಾರನ್ನು ಗೊತ್ತೇ? ಓನೀಲ್ ಒಬ್ಬನನ್ನೇ. ಬೈಗುಳ ಎಷ್ಟಾಯಿತೆಂದರೆ ವಿಶ್ವವಿದ್ಯಾಲಯದ ಕ್ರೀಡಾ ಮುಖ್ಯಸ್ಥರು ಅವನ ಪರವಾಗಿ ಬಹಿರಂಗ ಪತ್ರ ಬರೆಯಬೇಕಾಯಿತು. ಅತ್ತ ಗೆಲ್ಲಿಸಿದ ವಾಟ್ಸ್-ಜಾಕ್ಸನ್‌ಗೆ ಕುಣಿಯುವ ಭಾಗ್ಯವೂ ಇರಲಿಲ್ಲ. ಬಿದ್ದ ಪೆಟ್ಟಿಗೆ ಸೊಂಟದ ಕೀಲು ತಪ್ಪಿ, ಅವನನ್ನು ಮೈದಾನದಿಂದ ನೇರ ಆಸ್ಪತ್ರೆಗೆ ಸಾಗಿಸಿದ್ದರು.